ಗಿಳಿ ಚೆನ್ನಾಗಿದೆ, ಪ್ಯಾನೆಲ್ ಬದಲಿಸಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: 65 ಇಂಚಿನ ಟಿವಿಯ ಪರದೆಯ ಮೇಲಿನ ಪಟ್ಟಿಗಳು ಮತ್ತು ನಿಮ್ಮ ತಂತ್ರಜ್ಞರು ಬರೆದಿಟ್ಟು ಹೋದ ವರದಿ

ಮಾನ್ಯರೇ,

ನಿಮ್ಮ ಸಹಾಯವಾಣಿಯೊಂದಿಗೆ ಸೌಜನ್ಯದಿಂದ ಮಾತನಾಡಿ ಸಾಕಾಗಿದೆ. ಇನ್ನು ಲಿಖಿತವಾಗಿಯೇ ಹೇಳುತ್ತೇನೆ. ಸಂಯಮದಿಂದ ಬರೆಯಬೇಕೆಂದೇ ಕುಳಿತಿದ್ದೇನೆ.

ಪರದೆಯ ಬಲಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಮಾಸಿದ ಪಟ್ಟಿಗಳಿವೆ. ಕ್ಯಾಮೆರಾ ಮೈದಾನದುದ್ದಕ್ಕೂ ಹೊರಳುವಾಗ, ಮೋಡ ಮುಸುಕಿದ ಆಕಾಶ ಬಂದಾಗ, ದೃಶ್ಯ ಸರಿಯುತ್ತದೆ. ಪಟ್ಟಿಗಳು ನಿಂತಲ್ಲೇ ನಿಂತಿರುತ್ತವೆ. ಸೆಟ್ ಟಾಪ್ ಬಾಕ್ಸ್, ಬ್ಲೂ-ರೇ, ಟಿವಿಯೊಳಗಿನ ಆ್ಯಪ್, ಪೆನ್ ಡ್ರೈವ್, ಯಾವುದರಿಂದ ನೋಡಿದರೂ ಅದೇ ಜಾಗ, ಅದೇ ಅಗಲ. ಅಂದಮೇಲೆ ದೋಷ ಕೇಬಲ್ಲಿನದಲ್ಲ, ಸಿಗ್ನಲ್ಲಿನದೂ ಅಲ್ಲ. ಚಿತ್ರ ಮೂಡಿಸುವ ಪ್ಯಾನೆಲ್ಲಿನದು, ಇಲ್ಲವೇ ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟಿನದು. ಡರ್ಟಿ ಸ್ಕ್ರೀನ್ ಎಫೆಕ್ಟ್ ಎಂದು ಇದಕ್ಕೆ ಹೆಸರೂ ಇದೆ. ನಿಮಗೆ ಪಾಠ ಹೇಳುವ ಅಗತ್ಯವಿರಲಾರದು.

ಸೆಟ್ಟಿಂಗ್ ಸರಿಮಾಡಿಕೊಳ್ಳಿ ಎಂದಿರಿ. ಮಾಡಿದೆ. ನೀವು ಹೇಳದಿದ್ದುದನ್ನೂ ಮಾಡಿದೆ. ಬಣ್ಣ ಕಣ್ಣಿಗೆ ಹೊಡೆಯುವ ವಿವಿಡ್ ಮೋಡ್ ಬಿಟ್ಟು, ಸಿನಿಮಾ ಮಾಡಿದವರು ಬಯಸಿದಂತೆ ಚಿತ್ರ ತೋರಿಸುವ ಫಿಲ್ಮ್‌ಮೇಕರ್ ಮೋಡ್‌ಗೆ ಬಂದೆ. ಸೆಕೆಂಡಿಗೆ 24 ಫ್ರೇಮ್‌ಗಳ ಸಿನಿಮಾವನ್ನು ಧಾರಾವಾಹಿಯಂತೆ ಜಾರಿಸುವ ಮೋಷನ್ ಸ್ಮೂದಿಂಗ್ ನಿಲ್ಲಿಸಿದೆ. ಬಣ್ಣವನ್ನು ‘ವಾರ್ಮ್’ಗೆ ತಂದೆ, ಶಾರ್ಪ್‌ನೆಸ್ ತಗ್ಗಿಸಿದೆ. ಎಚ್‌ಡಿಎಂಐ ಪೋರ್ಟಿನ, 4ಕೆ ಎಚ್‌ಡಿಆರ್ ಚಿತ್ರ ಪೂರ್ಣವಾಗಿ ಬರಲು ಬೇಕಾದ, ಹೆಚ್ಚಿನ ಬ್ಯಾಂಡ್‌ವಿಡ್ತ್ ಆಯ್ಕೆಯನ್ನು ನೀವು ಮೆನುವಿನ ಯಾವುದೋ ಮೂಲೆಯಲ್ಲಿ ಆಫ್ ಮಾಡಿ ಬಚ್ಚಿಟ್ಟಿದ್ದಿರಿ (ಪೆಟ್ಟಿಗೆಯ ಮೇಲೆ 4ಕೆ ಎಚ್‌ಡಿಆರ್ ಎಂದು ದಪ್ಪಕ್ಷರದಲ್ಲಿ ಬರೆದವರೂ ನೀವೇ). ಅದನ್ನೂ ಹುಡುಕಿ ಆನ್ ಮಾಡಿದೆ. ಚಿತ್ರ ಎಷ್ಟೋ ಉತ್ತಮವಾಯಿತು. ಪಟ್ಟಿಗಳು ಮಾತ್ರ ಕದಲಲಿಲ್ಲ.

ಕೊನೆಗೂ ನಿಮ್ಮ ತಂತ್ರಜ್ಞರು ದಯಮಾಡಿಸಿದರು. ಬಂದವರೇ ವಿವಿಡ್ ಮೋಡ್ ಹಾಕಿದರು. ಆಮೇಲೆ ತಮ್ಮ ಪೆನ್ ಡ್ರೈವ್‌ ಚುಚ್ಚಿ ಮಳಿಗೆಗಳಲ್ಲಿ ಓಡಿಸುವ ಪ್ರದರ್ಶನದ ವಿಡಿಯೊ ಹಾಕಿದರು: ಹೂವು, ಇಬ್ಬನಿ, ಒಂದು ಗಿಳಿ. “ನೋಡಿ, ಎಷ್ಟು ಚೆನ್ನಾಗಿದೆ” ಎಂದರು. ಗಿಳಿ ಚೆನ್ನಾಗಿಯೇ ಇತ್ತು. ಬಣ್ಣ, ವಿವರ ತುಂಬಿದ ದೃಶ್ಯದಲ್ಲಿ ಇಂಥ ಪಟ್ಟಿ ಅಡಗಿಬಿಡುತ್ತದೆ, ಒಂದೇ ಬಣ್ಣದ ಚಿತ್ರದಲ್ಲಿ ನೋಡಬೇಕು ಎಂದು ಹೇಳಿ, ನಾನೇ ಬೂದು ಬಣ್ಣದ ಪರೀಕ್ಷಾ ಚಿತ್ರವನ್ನು ತೆರೆದೆ. “ಬೂದು ಪರದೆಯನ್ನು ಯಾರು ನೋಡುತ್ತಾರೆ ಸರ್?” ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದೆ. “ಪರದೆ ಮುಟ್ಟಬೇಡಿ, ವಾರಂಟಿ ಹೋಗುತ್ತದೆ.” ಬೆರಳು ತೆಗೆದೆ. “ಈಗ ಹೇಳಿ, ಎಲ್ಲಿದೆ ಪಟ್ಟಿ?” ಹಿಂದೆ ಸರಿದು ನೋಡಿ ಎಂದರು. ಕುರ್ಚಿ ಎಳೆದುಕೊಳ್ಳುತ್ತ ಬೆನ್ನು ಗೋಡೆಗೆ ತಾಗುವವರೆಗೂ ಸರಿದೆ. ಇಲ್ಲಿಂದಲೂ ಕಾಣುತ್ತಿದೆ ಎಂದೆ. ಆಗ ಆ ಮಹಾಶಯರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿ, “ಯಜಮಾನರ ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು ಮೇಡಂ?” ಎಂದು ವಿಚಾರಿಸಿದರು. ಮಕ್ಕಳು ನಕ್ಕರು. ಗೋಡೆಗೊರಗಿದ ಕುರ್ಚಿಯಲ್ಲಿ ನಾನು ಅಪರಾಧಿಯಂತೆ ಕುಳಿತಿರುವಾಗಲೇ ಅವರು ಪರದೆಯ ಫೋಟೊ ತೆಗೆದು ಕಚೇರಿಗೆ ಕಳುಹಿಸಿದರು. ಬೂದು ಚಿತ್ರದ್ದಲ್ಲ, ಗಿಳಿಯದು! ವರದಿಯಲ್ಲಿ ಬರೆದದ್ದು: ‘ಚಿತ್ರದ ಗುಣಮಟ್ಟ ಸಮರ್ಪಕವಾಗಿದೆ. ಗ್ರಾಹಕರಿಗೆ ತಿಳಿಹೇಳಲಾಗಿದೆ.’

ಅಡ್ಡಕ್ಕೆ 3840, ಲಂಬಕ್ಕೆ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್‌ಗಳನ್ನು ನನಗೆ ಮಾರುವಾಗ ನನ್ನ ಕಣ್ಣಿನ ಮೇಲೆ ನಿಮಗೆ ಅಪಾರ ವಿಶ್ವಾಸವಿತ್ತು. ಅಂಗೈ ಅಗಲದ ಪಟ್ಟಿ ಕಾಣುತ್ತಿದೆ ಎಂದ ಕೂಡಲೇ ಆ ಕಣ್ಣು ಕೆಟ್ಟುಹೋಯಿತೇ?

ಪ್ಯಾನೆಲ್ ವಾರಂಟಿಯೊಳಗೇ ಇದೆ. ಮೊದಲ ವರದಿಯನ್ನು ಗ್ರಾಹಕ ಒಪ್ಪದಿದ್ದರೆ ಯಾರನ್ನು ಕಳುಹಿಸಬೇಕು, ಯಾವ ಚಿತ್ರ ಹಾಕಿ ಪರೀಕ್ಷಿಸಬೇಕು ಎಂಬ ನಿಯಮ ನಿಮ್ಮದೇ. ನಾನು ಓದಿ ಹೇಳಬೇಕಾಗಿಲ್ಲ. ಆ ವರದಿಯನ್ನು ರದ್ದುಮಾಡಿ, ಪ್ಯಾನೆಲ್ ಬದಲಿಸಿ, ಇಲ್ಲವೇ ಹಣ ಹಿಂದಿರುಗಿಸಿ.

ಇಷ್ಟರವರೆಗೆ ನಾನು ಪಟ್ಟಿಗಳ ಮಾತನ್ನಷ್ಟೇ ಆಡಿದ್ದೇನೆ. ಪೆಟ್ಟಿಗೆಯ ಮೇಲೆ ‘ಮೋಷನ್ ರೇಟ್ 120’ ಎಂದು ಮೆರೆಯುವ ಈ ಟಿವಿಯ ಪ್ಯಾನೆಲ್ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಬಾರಿಯಷ್ಟೇ ಚಿತ್ರ ಬದಲಿಸಬಲ್ಲದು ಎಂಬುದನ್ನು ಎತ್ತಿರಲಿಲ್ಲ. ಗ್ರಾಹಕ ನ್ಯಾಯಾಲಯದಲ್ಲಿ ಎರಡನ್ನೂ ಒಟ್ಟಿಗೆ ಎತ್ತುತ್ತೇನೆ. ತೀರ್ಪು ಬರುವವರೆಗೆ ಸುಮ್ಮನಿರುವ ಜಾಯಮಾನವೂ ನನ್ನದಲ್ಲ. ಅದೇ ಬೂದು ಚಿತ್ರವನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ನಿಮ್ಮ ಮಳಿಗೆಗೆ ಬರುತ್ತೇನೆ. ರಜಾದಿನವನ್ನೇ ನೋಡಿ, ಕೊಳ್ಳುವವರು ತುಂಬಿರುವ ಹೊತ್ತಿಗೇ ಬರುತ್ತೇನೆ.

ಇತಿ,
ತಿಳಿಹೇಳಿಸಿಕೊಂಡ ಗ್ರಾಹಕ