ಹೆಸರು ಕೇಳಲು ಮರೆತ ಆ ತಂಗಿಗೆ

ಕಲಬುರಗಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನಮ್ಮ ಅವ್ವನ ಭಯವನ್ನು ಬಿಡಿಸಿದ ತಂತ್ರಜ್ಞೆಗೆ ಈ ಬರಹದ ಮೂಲಕ ಧನ್ಯವಾದ ಸಲ್ಲಿಸುತ್ತೇನೆ. ಶರಣಬಸವೇಶ್ವರ ಜಾತ್ರೆಗೂ ನಡೆದು ಹೋಗಲಾಗದಷ್ಟು ಮೊಣಕಾಲು ನೋವಿದ್ದರೂ ಶಸ್ತ್ರಚಿಕಿತ್ಸೆಗೆ ಒಪ್ಪದ ಅವ್ವನಿಗೆ ವೈದ್ಯರು ಪಿಆರ್‌ಪಿ (ರೋಗಿಯದೇ ರಕ್ತದಿಂದ ಬೇರ್ಪಡಿಸಿದ, ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಪ್ಲಾಸ್ಮಾ) ಚುಚ್ಚುಮದ್ದು ಸೂಚಿಸಿದ್ದರು. ಮೊದಲ ದಿನವೇ ನೀವು ನೋವಿನ ಗುಳಿಗೆಗಳ ಬಗ್ಗೆ ವಿಚಾರಿಸಿ ವೈದ್ಯರಿಗೆ ತಿಳಿಸಿದ್ದರಿಂದ, ಅವುಗಳನ್ನು ನಿಲ್ಲಿಸಿ ಒಂದು ವಾರ ಕಾದೆವು. (ಗುಳಿಗೆಯ ವಿಷಯವನ್ನು ಅವ್ವ ನನ್ನಿಂದಲೂ ಮುಚ್ಚಿಟ್ಟಿದ್ದಳು.)

“ಯಾರದೋ ರಕ್ತ ನನಗ್ಯಾಕ?” ಎಂದು ಆಕೆ ಹಟ ಹಿಡಿದಾಗ, ನೀವು ಯಂತ್ರದಲ್ಲಿ ತಿರುಗಿಸಿದ ನಳಿಕೆಯನ್ನು ಬೆಳಕಿಗೆ ಹಿಡಿದು, ತಳದ ಕೆಂಪು ಕಣಗಳನ್ನೂ ಮೇಲಿನ ತಿಳಿಹಳದಿ ಪ್ಲಾಸ್ಮಾವನ್ನೂ ನಡುವಿನ ತೆಳು ಬಿಳಿ ಪದರವನ್ನೂ ಬೆರಳಿಟ್ಟು ತೋರಿಸಿದಿರಿ. “ಇದು ನಿಮ್ಮದೇ ರಕ್ತ ಅದ ರೀ, ಅವ್ವಾರ” ಎಂದಿರಿ.

ಸವೆದ ಮೃದ್ವಸ್ಥಿ ಮರಳಿ ಬೆಳೆಯುತ್ತದೆಂಬ ಭರವಸೆ ಇಲ್ಲ, ಎಲ್ಲರಿಗೂ ಗುಣ ಕಾಣುವುದಿಲ್ಲ ಎಂಬುದನ್ನೂ ನೀವು ಮರೆಮಾಚಲಿಲ್ಲ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ಬಳಿಕವೂ ಈ ಚಿಕಿತ್ಸೆಯು ಉಪ್ಪುನೀರಿನ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲವೆಂದು ನಾನು ಆಮೇಲೆ ಓದಿದಾಗ ನಿಮ್ಮ ಮೇಲಿನ ಗೌರವ ಇಮ್ಮಡಿಯಾಯಿತು.

ಮೂರು ದಿನ ನೋವು ಹೆಚ್ಚಿತ್ತು. ಮೊದಲೇ ಎಚ್ಚರಿಸಿದ್ದರಿಂದ ನಾವು ಗಾಬರಿಪಡಲಿಲ್ಲ. ಈಗ ಅವ್ವ ಕಂಬಿ ಹಿಡಿದು ಮಾಳಿಗೆ ಹತ್ತುತ್ತಾಳೆ, ನಿಮ್ಮನ್ನು ನೆನೆಯುತ್ತಾಳೆ.