ಮಗಳಿಗೊಂದು ಪತ್ರ: ಚಿತ್ತಾರ ಬರೆಯುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ತಲುಪಿತು. ಕಲಾಶಾಲೆಯ ಕೊನೆಯ ವರ್ಷದ ಕೆಲಸಕ್ಕೆ ‘ಸಮುದಾಯ, ಅಸ್ಮಿತೆ, ನೆಲ’ ಎಂಬ ವಿಷಯ ಕೊಟ್ಟಿದ್ದಾರೆ, ನೀನು ಸಾಗರದ ಕಡೆಯ ದೀವರ ಸಮುದಾಯದ ಮನೆಯ ಹುಡುಗಿ ಎಂದು ತಿಳಿದ ಕೂಡಲೇ ಎಲ್ಲರೂ ‘ಹಾಗಾದರೆ ಚಿತ್ತಾರ ಮಾಡಿಬಿಡು, ಇನ್ನೇನು ಬೇಕು’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ಆ ‘ಮಾಡಿಬಿಡು’ ನಿನಗೆ ಸರಿಬರಲಿಲ್ಲ ಎಂಬುದು ಓದುವಾಗಲೇ ಗೊತ್ತಾಯಿತು. ನನಗೂ ಸರಿಬರಲಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೆಂಗಸರು ಮದುವೆಗೆ ಗೋಡೆಯ ಮೇಲೆ ಬರೆಯುವ ಚಿತ್ತಾರವನ್ನು ಮುಟ್ಟಬೇಡ ಎಂದು ನಾನು ಹೇಳುವುದಿಲ್ಲ. ಅದು ನಿನ್ನದೂ ಹೌದು. ಆದರೆ ಗೋಡೆಯಿಂದ ಗೆರೆಗಳನ್ನಷ್ಟೇ ಎತ್ತಿಕೊಂಡು ಕ್ಯಾನ್ವಾಸಿಗೆ ಇಳಿಸಿದರೆ ಅದರಲ್ಲಿ ಊರೂ ಇರುವುದಿಲ್ಲ, ಊರಿನ ಜನರೂ ಇರುವುದಿಲ್ಲ. ನನ್ನ ತಕರಾರು ಇಷ್ಟೇ.

ನನ್ನ ಅವ್ವ ಹಸೆ ಚಿತ್ತಾರ ಬರೆಯುವುದನ್ನು ನೀನು ನೋಡಿದಾಗ ತೀರಾ ಚಿಕ್ಕವಳು, ನೆನಪಿರಲಾರದು. ಮದುವೆ ನಿಶ್ಚಯವಾದ ಮನೆಯವರು ಬಂದು ಕರೆಯುತ್ತಿದ್ದರು. ವಧು-ವರರು ಹಸೆಯ ಮೇಲೆ ಕೂರುವ ಜಾಗದ ಹಿಂದಿನ ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಬೇಕು. ಬಿಳಿ ಬಣ್ಣಕ್ಕೆ ಅಕ್ಕಿ ನೆನೆಸಿ ಅರೆಯಬೇಕು. ಕಪ್ಪಿಗೆ ಅದೇ ಅಕ್ಕಿಯನ್ನು ಕರಿಕಾಗುವ ತನಕ ಹುರಿದು ಅರೆಯಬೇಕು. ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರಿನ ತುದಿಯನ್ನು ಜಜ್ಜಿ ಹದಮಾಡಿಕೊಂಡರೆ ಅದೇ ಕುಂಚ. ಅವ್ವ ಅಂಗೈಯ ಬದಿಯನ್ನು ಗೋಡೆಗೆ ಊರಿ, ನಾರನ್ನು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು, ಎಡಗಡೆಯಿಂದ ಬಲಗಡೆಗೆ ಒಂದೇ ಬೀಸಿಗೆ ಎಳೆ ಎಳೆಯುತ್ತಿದ್ದಳು. ಅಳತೆಕೋಲು ಇರಲಿಲ್ಲ. ಬಣ್ಣ ಮುಗಿದಲ್ಲಿ ಅದ್ದಿ, ಬಿಟ್ಟ ಜಾಗದಿಂದಲೇ ಮುಂದುವರಿದರೆ ಸೇರಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಚೌಕಟ್ಟಿನ ಒಳಗೆ ನಿಲಿ, ಜೋಗಿ ಜಡೆ, ಬಾಸಿಂಗ, ದಂಡಿಗೆ ಎಂಬ ವಿನ್ಯಾಸಗಳು, ನಟ್ಟನಡುವೆ ತ್ರಿಕೋನಗಳಲ್ಲೇ ಮೈತಳೆದ ಮದುಮಗ ಮತ್ತು ಮದುಮಗಳು. ಪಕ್ಕದಲ್ಲಿ ಕುಳಿತ ಹೆಂಗಸರು ಹಾಡು ಹೇಳುತ್ತಿದ್ದರು. ಹಾಡು ತಪ್ಪಿದರೆ ತಿದ್ದುವವರೂ, ಗೆರೆ ತಪ್ಪಿದರೆ ತಿದ್ದುವವರೂ ಅವರೇ.

ಆ ಗೋಡೆಯಲ್ಲಿ ಬರೆದವಳ ಹೆಸರು ಇರುತ್ತಿರಲಿಲ್ಲ. ಮಳೆಗಾಲದ ತೇವಕ್ಕೆ, ಒಲೆಯ ಹೊಗೆಗೆ, ಮತ್ತೆ ಮಣ್ಣು ಸಾರಿಸುವ ಕೈಗೆ ಸಿಕ್ಕಿ ಅಳಿಸಿಹೋಗುತ್ತಿತ್ತು. ಇನ್ನೊಂದು ಮದುವೆಗೆ ಇನ್ನೊಂದು ಗೋಡೆ. ಉಳಿಸಿಕೊಳ್ಳಬೇಕೆಂಬ ಆಸೆಯಿಂದ ಯಾರೂ ಬರೆದದ್ದಲ್ಲ, ಕರೆದ ಮನೆಗೆ ಹೋಗದೆ ಇರಬಾರದು ಎಂದು ಬರೆದದ್ದು. ನೀನು ‘ಸಮುದಾಯ’ ಎಂದು ಬರೆಯುವಾಗ ನನ್ನ ಕಣ್ಣಿಗೆ ಬರುವುದು ಆ ಕರೆಯುವುದು ಮತ್ತು ಹೋಗುವುದು. ಬಾಸಿಂಗದ ಆಕಾರ ಅಲ್ಲ.

ನಿನಗೆ ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ಈ ಚಿತ್ರಗಳನ್ನು ಇಂದು ಫ್ರೇಮು ಹಾಕಿಸಿ ಹೋಟೆಲಿನ ಗೋಡೆಗೆ ನೇತುಹಾಕುವವರು ‘ಮಲೆನಾಡಿನ ಮುಗ್ಧ ಕಲೆ’ ಎಂದು ಕೆಳಗೆ ಬರೆಸುತ್ತಾರೆ. ಮುಗ್ಧ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಗೋಡೆಗಳು ಗೇಣಿದಾರರ ಮನೆಯ ಗೋಡೆಗಳು. ಉಳುತ್ತಿದ್ದ ನೆಲ ಒಡೆಯರದು, ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಒಡೆಯರದು, ಅದನ್ನು ಅಳೆಯುವ ಕೊಳಗವೂ ಒಡೆಯರದೇ. ಆ ಕೊಳಗದ ಅಳತೆಯ ಜಗಳವೇ 1951ರಲ್ಲಿ ಕಾಗೋಡು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಉಳುವವರ ಹೆಸರು ಪಹಣಿಗೆ ಏರತೊಡಗಿತು. ಅಲ್ಲಿಯವರೆಗೂ ತಲೆಮಾರುಗಳ ಕಾಲ ಈ ಹೆಂಗಸರು ತಮ್ಮದಲ್ಲದ ನೆಲದ ಮಣ್ಣು ತಂದು, ಅಳೆದುಕೊಟ್ಟು ಉಳಿದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದಿಟ್ಟು, ಅದನ್ನು ಅರೆದು ಗೋಡೆಗೆ ಬರೆದಿದ್ದಾರೆ. ಹೊಟ್ಟೆಗೆ ಸಾಲದ ಅಕ್ಕಿಯಲ್ಲಿ ಹಸೆ ಬರೆಯುವುದೆಂದರೆ ಏನು ಎಂದು ಯೋಚಿಸು ಮಗಳೆ. ಅದರಲ್ಲಿ ಮುಗ್ಧತೆಗಿಂತ ಹೆಚ್ಚಾಗಿ ಹಟ ಇದೆ.

ಆಮೇಲೆ ನೀರು ಬಂತು. ನನ್ನ ಅವ್ವನ ತವರು ಶರಾವತಿಯ ದಂಡೆಯ ಮೇಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ಚೌಡಿಯ ಬನ ಎಲ್ಲ ಮುಳುಗಿತು. ಜನರು ಸಿಕ್ಕ ಸಿಕ್ಕಲ್ಲಿಗೆ, ಕಾಡು ಕಡಿದು ಕೊಟ್ಟ ಜಾಗಗಳಿಗೆ ಚದುರಿಹೋದರು. ಅವ್ವನ ತವರಿನವರು ಹೋದ ಕಡೆ ಮಣ್ಣು ಬೇರೆ. ಕೆಂಪು ಸಾಲದು, ಒಣಗಿದರೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿನ ಮೊದಲ ಮದುವೆಗೆ ಅವ್ವನ ಚಿಕ್ಕಮ್ಮ ದೂರದ ಗುಡ್ಡದಿಂದ ಕೆಮ್ಮಣ್ಣು ಹೊತ್ತು ತಂದು ಗೋಡೆ ಸಾರಿಸಿದ್ದಳಂತೆ. ಇದನ್ನು ಅವ್ವ ಎಷ್ಟೋ ಸಲ ಹೇಳುತ್ತಿದ್ದಳು. ಮುಳುಗಿದ ಮನೆಯ ಬಗ್ಗೆ ಹೇಳಿದ್ದಕ್ಕಿಂತ ಆ ಮಣ್ಣಿನ ಬಗ್ಗೆ ಹೇಳಿದ್ದೇ ಹೆಚ್ಚು. ನೀನು ಹುಡುಕುತ್ತಿರುವ ‘ನೆಲ’ ಇಲ್ಲೆಲ್ಲೋ ಇದೆ ಎಂದು ನನಗನಿಸುತ್ತದೆ. ಇದು ಯಾವ ಮಾದರಿ ಪುಸ್ತಕದಲ್ಲೂ ಸಿಗುವುದಿಲ್ಲ.

ಹೋದ ರಜೆಯಲ್ಲಿ ನೀನು ಬಿಟ್ಟುಹೋದ ಪುಸ್ತಕಗಳನ್ನು ಬಿಡುವು ಸಿಕ್ಕಾಗಲೆಲ್ಲ ತಿರುವಿ ಹಾಕಿದ್ದೇನೆ. ಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳು ನಾನು, ಕಲೆಯ ಪರಿಭಾಷೆ ನನಗೆ ಬಾರದು, ಆದರೆ ಚಿತ್ರ ನೋಡಲು ಕಣ್ಣು ಸಾಕು. ಅವುಗಳಲ್ಲಿ ಕಲಾವಿದೆ ಶೀಲಾ ಗೌಡರ ಕೆಲಸ ನನ್ನನ್ನು ಬಹಳ ದಿನ ಬಿಡಲೇ ಇಲ್ಲ. ನಮ್ಮ ಜಿಲ್ಲೆಯವರೇ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ ಎಲ್ಲ ಸುತ್ತಿ ಬಂದರೂ 1992ರ ಮುಂಬೈ ಗಲಭೆಗಳ ಹೊತ್ತಿಗೆ ಅವರ ಕೈ ಸಗಣಿಯತ್ತ ಹೋಯಿತು. ಆಗ ಹಸುವಿನ ಹೆಸರಿನಲ್ಲಿ, ದೇವರ ಹೆಸರಿನಲ್ಲಿ ಏನೇನು ಮಾತು ಕೇಳಿಬರುತ್ತಿತ್ತು ಎಂದು ನಮ್ಮ ತಲೆಮಾರಿನವರಿಗೆ ಗೊತ್ತು. ಅವರು ಹಸುವಿನ ಚಿತ್ರ ಬರೆಯಲಿಲ್ಲ. ಹೆಂಗಸರು ದಿನವೂ ಬರಿಗೈಯಲ್ಲಿ ಬಾಚಿ ಅಂಗಳ ಸಾರಿಸುವ, ಬೆರಣಿ ತಟ್ಟುವ ವಸ್ತುವನ್ನೇ ಕೈಗೆತ್ತಿಕೊಂಡರು. ಪೂಜೆಗೂ ಅದೇ, ಒಲೆಗೂ ಅದೇ. ಯಾರ ದುಡಿಮೆ, ಯಾರ ಪಾವಿತ್ರ್ಯ ಎಂಬ ಪ್ರಶ್ನೆ ಆ ವಸ್ತುವಿನಲ್ಲೇ ಇತ್ತು, ಅವರು ಅದನ್ನು ಕಂಡರು.

1998ರ ಅವರ ಇನ್ನೊಂದು ಕೃತಿಯ ಫೋಟೋ ಪುಸ್ತಕದಲ್ಲಿದೆಯಲ್ಲ, ಕೆಂಪು ಹಗ್ಗಗಳದ್ದು? ಮೊದಲು ನೋಡಿದಾಗ ಏನೋ ಅಲಂಕಾರ ಎಂದುಕೊಂಡೆ. ಹಾಗೆಯೇ ನೋಡುತ್ತ ಹೋದಾಗ ಹಗ್ಗದ ತುದಿಯಲ್ಲಿ ಗೊಂಚಲುಗೊಂಚಲಾಗಿ ಜೋತಾಡುವ ಸೂಜಿಗಳು ಕಂಡವು. ಒಂದೊಂದು ದಾರವನ್ನೂ ಒಂದೊಂದು ಸೂಜಿಯ ಕಣ್ಣಿನಲ್ಲಿ ಉದ್ದಕ್ಕೂ ಹಾಯಿಸಿ, ಎಲ್ಲವನ್ನೂ ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟು ಸವರಿ ಮಾಡಿದ ಹಗ್ಗ ಅದು. ಸೂಜಿಗೆ ದಾರ ಪೋಣಿಸುವ ಕೆಲಸ ಯಾರದು ಎಂದು ಕೇಳಬೇಕೇ? ಅದರಲ್ಲಿ ಹೆಂಗಸಿನ ಚಿತ್ರ ಎಲ್ಲಿಯೂ ಇಲ್ಲ, ಆದರೆ ನೋಡುವಾಗ ನನಗೆ ಬೆನ್ನು ನೋವು ಬಂತು. 2009ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ ಅವರು ಇಟ್ಟದ್ದು ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗ ಮತ್ತು ಅದರಿಂದ ತೂಗಿಬಿಟ್ಟ ಕಾರಿನ ಬಂಪರುಗಳು. ದೃಷ್ಟಿ ತಾಗದಿರಲಿ ಎಂದು ಚಾಲಕರು ಗಾಡಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ದೇವಸ್ಥಾನದಲ್ಲಿ ಮುಡಿ ಕೊಟ್ಟ ಯಾರದೋ ಹರಕೆ, ರಸ್ತೆಯಲ್ಲಿ ಹೋಗುವ ಇನ್ಯಾರದೋ ಭಯ, ಎರಡೂ ಅದರಲ್ಲಿ ಹೊಸೆದುಕೊಂಡಿವೆ. ಬೆಂಗಳೂರಿನ ಒಂದು ಗೋಪುರವನ್ನೂ ತೋರಿಸದೆ ಅವರು ಬೆಂಗಳೂರನ್ನು ಅಷ್ಟು ದೂರ ಒಯ್ದರು.

ಎನ್. ಎಸ್. ಹರ್ಷ ಅವರ ಚಿತ್ರಗಳು ನನಗೆ ಬೇರೆ ಕಾರಣಕ್ಕೆ ಇಷ್ಟ. ಮೈಸೂರಿನಲ್ಲಿ ಹುಟ್ಟಿ, ಅಲ್ಲಿನ ಕಲಾಕಾಲೇಜು ಕಾವಾದಲ್ಲಿ, ಆಮೇಲೆ ಬರೋಡಾದಲ್ಲಿ ಓದಿ ಮತ್ತೆ ಮೈಸೂರಿಗೇ ಬಂದು ನೆಲೆಸಿದವರು. 2008ರ ಆರು ಭಾಗಗಳ ಅವರ ದೊಡ್ಡ ಚಿತ್ರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಾಲುಸಾಲಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ನಮ್ಮ ಕಡೆ ಮುಖ ಮಾಡಿ ಕುಳಿತಿದ್ದಾರೆ. ಭಾಷಣ ಕೇಳಲು ಬಂದವರಂತೆ. ಒಬ್ಬರಂತೆ ಇನ್ನೊಬ್ಬರಿಲ್ಲ. ಅವರ ಎದುರು ನಿಂತ ನಾವೇ ಏನಾದರೂ ಹೇಳಬೇಕಾಗಿ ಬರುತ್ತದೆ. ನಮ್ಮೂರಿನ ಮದುವೆಯ ಪಂಕ್ತಿಯನ್ನು ನೋಡಿದ ಕಣ್ಣಿಗೆ ಮಾತ್ರ ಆ ಸಾಲು ಸಿಗುತ್ತದೆ ಎಂದು ನನ್ನ ನಂಬಿಕೆ. ಟೋಕಿಯೋದ ಮೋರಿ ಸಂಗ್ರಹಾಲಯ 2017ರಲ್ಲಿ ಅವರ ಕೆಲಸಗಳ ದೊಡ್ಡ ಪ್ರದರ್ಶನ ಮಾಡಿತು. ಅಲ್ಲಿಯವರಿಗೂ ಆ ಮುಖಗಳು ಅಪರಿಚಿತ ಎನಿಸಿರಲಾರವು.

ನಿನಗೆ ಈಗ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಎನ್. ಪುಷ್ಪಮಾಲಾ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ 2000ರಿಂದ 2004ರವರೆಗೆ ಮಾಡಿದ ಫೋಟೋಗಳ ಸರಣಿಯಲ್ಲಿ ಅವರೇ ದಕ್ಷಿಣ ಭಾರತದ ಹೆಂಗಸರ ವೇಷಗಳನ್ನು ಒಂದಾದ ಮೇಲೊಂದು ತೊಟ್ಟು ನಿಂತಿದ್ದಾರೆ. ರವಿವರ್ಮನ ಚಿತ್ರದ ಸುಂದರಿ, ಕ್ಯಾಲೆಂಡರಿನ ದೇವಿ, ಪತ್ರಿಕೆಯ ಫೋಟೋದಲ್ಲಿನ ಹೆಂಗಸು. ಒಂದು ಫೋಟೋದಲ್ಲಿ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಾಗಿ ಚೌಕುಳಿ ಪರದೆಯ ಮುಂದೆ ನಿಂತಿದ್ದಾರೆ. ಬ್ರಿಟಿಷರು ಬುಡಕಟ್ಟಿನ ಜನರನ್ನು ಅಂಥ ಚೌಕುಳಿಗಳ ಮುಂದೆ ನಿಲ್ಲಿಸಿ ಮೈಯ ಅಳತೆ ತೆಗೆದು ಫೋಟೋ ಹಿಡಿಯುತ್ತಿದ್ದರು. ಇವರು ಹೀಗೆ, ಇವರ ಮೂಗು ಹೀಗೆ, ಇವರ ಸೀರೆ ಹೀಗೆ ಎಂದು ಪಟ್ಟಿ ಮಾಡಿಕೊಳ್ಳುವುದು ಆಳುವವರ ಕೆಲಸವಾಗಿತ್ತು. ಪುಟ್ಟಿ, ‘ನೀನು ದೀವರವಳು, ಚಿತ್ತಾರ ಮಾಡಿಬಿಡು’ ಎನ್ನುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ ಆ ಮಾತು ನಿನ್ನನ್ನು ಅಂಥದೇ ಒಂದು ಚೌಕುಳಿಯ ಮುಂದೆ ತಂದು ನಿಲ್ಲಿಸುತ್ತದೆ. ಪುಷ್ಪಮಾಲಾ ಅಲ್ಲಿಂದ ಓಡಿಹೋಗಲಿಲ್ಲ. ತಾವೇ ವೇಷ ಕಟ್ಟಿ, ನೋಡುವವರ ಕಣ್ಣಿಗೆ ಕಣ್ಣಿಟ್ಟು ನಿಂತರು. ನೀನೂ ಹಾಗೆ ನಿಲ್ಲಬಹುದು. ಬೇರೆ ದಾರಿಯನ್ನೂ ಹಿಡಿಯಬಹುದು.

ನಿನ್ನ ಜಾಗದಲ್ಲಿ ನಾನಿದ್ದರೆ ಎಂದು ಯೋಚಿಸಿದೆ. ಅವ್ವನ ಚಿಕ್ಕಮ್ಮ ಹೊತ್ತು ತಂದ ಮಣ್ಣನ್ನೇ ಹಿಡಿದು ಹೊರಡುತ್ತಿದ್ದೆನೇನೋ. ಮುಳುಗಡೆಯ ಊರುಗಳಿಂದ ಬಂದು ನೆಲೆಸಿದವರ ಮನೆಗಳ ಮಣ್ಣು, ಒಂದೊಂದರದೂ ಒಂದೊಂದು ಕೆಂಪು. ಅಥವಾ ಅರ್ಧ ಅಕ್ಕಿಯಿಂದ ಬಿಳಿ, ಅರ್ಧ ಅಕ್ಕಿಯಿಂದ ಕಪ್ಪು, ಪಕ್ಕದಲ್ಲಿ ಒಂದು ಕೊಳಗ. ಹುಚ್ಚು ಕಲ್ಪನೆ ಇರಬಹುದು, ನಗಬೇಡ. ನಿನ್ನ ಕೈಗೆ ಏನು ಬರುತ್ತದೋ ನನಗೆ ತಿಳಿಯದು, ಅದನ್ನು ನಿನಗಿಂತ ಮೊದಲು ಯಾರೂ ಹೇಳಲಾರರು. ಆದರೆ ಚಿತ್ತಾರವನ್ನು ಬರೆಯುವುದೇ ಆದರೆ ಬರೆದವರ ಹೆಸರು ಹಾಕು. ಕಲಿಸಿದ ಹೆಂಗಸರಿಗೆ ದಿನಗೂಲಿ ಲೆಕ್ಕದಲ್ಲಲ್ಲ, ಗುರುಗಳಿಗೆ ಕೊಡುವಂತೆ ಕೊಡು. ನಮ್ಮ ಅವ್ವಂದಿರಿಗೆ ಹೆಸರು ಬೇಡವಾಗಿತ್ತು, ಏಕೆಂದರೆ ಬರೆದದ್ದನ್ನು ನೋಡುವವರೆಲ್ಲ ಅವರನ್ನು ಬಲ್ಲವರೇ ಆಗಿದ್ದರು. ದೆಹಲಿಯ ಗ್ಯಾಲರಿಗೆ ಬರುವವರು ಬಲ್ಲವರಲ್ಲ. ಅಲ್ಲಿ ಹೆಸರಿಲ್ಲದೆ ಇಟ್ಟರೆ ಅದು ವಿನಯವಾಗುವುದಿಲ್ಲ, ಕಳ್ಳತನವಾಗುತ್ತದೆ.

ಸೀಗೆ ಹುಣ್ಣಿಮೆಗೆ ರಜೆ ಸಿಗುತ್ತದೆಯೇ ಕೇಳಿ ನೋಡು. ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ಹಬ್ಬಕ್ಕೆ ಮೊದಲೇ ಶುರುವಾಗುತ್ತದೆ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಬಿಳಿ ಎಳೆ. ತೆನೆ ಕಟ್ಟುವ ಭತ್ತ ಬಸುರಿ, ಅವಳ ಬಯಕೆಗೆ ರಾತ್ರಿಯಿಡೀ ಅಡುಗೆ, ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುವುದು. ಈ ಸಲ ಪಕ್ಕದ ಮನೆಯ ಅಜ್ಜಿ ಬರೆಯಲು ಒಪ್ಪಿದ್ದಾರೆ, ಕಣ್ಣು ಸ್ವಲ್ಪ ಮಂಜಾಗಿದೆಯಾದರೂ ಕೈ ಇನ್ನೂ ಗಟ್ಟಿ ಇದೆ. ಕ್ಯಾಮೆರಾ ತರಬೇಡ ಎಂದಲ್ಲ, ಮೊದಲ ದಿನ ಚೀಲದಲ್ಲೇ ಇರಲಿ. ಅಕ್ಕಿ ಅರೆಯುವುದರಿಂದ ಶುರುಮಾಡು. ನಿನಗಾಗಿ ಪುಂಡಿ ನಾರನ್ನು ತೆಗೆದಿಡಲು ಅವರಿಗೆ ಹೇಳಿದ್ದೇನೆ. ಬರುವ ದಿನ ಮೊದಲೇ ತಿಳಿಸು, ಶಿವಮೊಗ್ಗದವರೆಗೆ ಅಪ್ಪ ಬರುತ್ತಾರೆ.

ಪ್ರೀತಿಯಿಂದ,
ಅಮ್ಮ