ಕೆಲಸದ ಜಾಗದ ನಗುವಿಗೂ ಒಂದು ಮೂಲೆ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವ್ಯಂಗ್ಯಚಿತ್ರ ನೋಡಿದ ಮೇಲೆಯೇ ನಾನು ಉಳಿದ ಸುದ್ದಿ ಓದುವುದು. ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ಯಾವಾಗಲೂ ಮಂತ್ರಿಗಳು, ಪಕ್ಷಗಳ ಜಗಳ, ಬೆಲೆ ಏರಿಕೆ, ರಸ್ತೆ ಗುಂಡಿ. ನಾವು ಎದ್ದಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆಯುವ ಆಫೀಸು, ಫ್ಯಾಕ್ಟರಿ, ಡಿಪೋ, ಬ್ಯಾಂಕು ಮಾತ್ರ ಕಾಣುವುದೇ ಅಪರೂಪ. ಕೆಲಸದ ಜಾಗದ ಬಗ್ಗೆಯೇ ಒಂದು ವ್ಯಂಗ್ಯಚಿತ್ರ ಶುರು ಮಾಡಿ ಎಂದು ಕೇಳುವುದಕ್ಕೆ ಈ ಪತ್ರ.

ಅದಕ್ಕೆ ವಿಷಯ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ರಾಜಕೀಯದ ಸುದ್ದಿ ತಾನಾಗಿಯೇ ನಿಮ್ಮ ಟೇಬಲ್‌ಗೆ ಬರುತ್ತದೆ, ಆಫೀಸಿನ ಒಳಗಿನದು ಬಾಗಿಲು ದಾಟುವುದಿಲ್ಲ. ಅದನ್ನು ಹೊರಗೆ ತರಿಸುವ ದಾರಿ ಒಂದಿದೆ.

ಅಮೆರಿಕದ ಸ್ಕಾಟ್ ಆಡಮ್ಸ್ ಅವರ ‘ಡಿಲ್ಬರ್ಟ್’ ಎಂಬ ವ್ಯಂಗ್ಯಚಿತ್ರ ಗೊತ್ತಿರುತ್ತದೆ ಅಲ್ವಾ, ಅದರ ನಾಯಕ ಡಿಲ್ಬರ್ಟ್ ಟೈ ಮೇಲಕ್ಕೆ ಮಡಚಿಕೊಂಡಿರುವ ಎಂಜಿನಿಯರ್. 1989ರಲ್ಲಿ ಅದು ಶುರುವಾದಾಗ ಆಡಮ್ಸ್ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಬೆಲ್ ಎಂಬ ಟೆಲಿಫೋನ್ ಕಂಪನಿಯಲ್ಲಿ ನೌಕರ. ಬೆಳಗಿನ ಜಾವ ಎದ್ದು ಚಿತ್ರ ಬರೆದು ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಮೊದಮೊದಲು ಡಿಲ್ಬರ್ಟ್ ಮನೆಯಲ್ಲೇ ಜಾಸ್ತಿ ಇದ್ದ, ಅವನೂ ಅವನ ಮಾತಾಡುವ ನಾಯಿಯೂ. 1993ರಲ್ಲಿ ಆಡಮ್ಸ್ ಚಿತ್ರದ ಜೊತೆಯಲ್ಲೇ ತಮ್ಮ ಇಮೇಲ್ ವಿಳಾಸ ಹಾಕಿದರು. ಆಗಿನ ಕಾಲಕ್ಕೆ ಅದು ಹೊಸದು. ಓದುಗರು ಬರೆದರು: ಆಫೀಸಿನದು ಬಂದಾಗಲೇ ನಮಗೆ ಇಷ್ಟ, ಅದನ್ನೇ ಜಾಸ್ತಿ ಹಾಕಿ. ಹಾಕಿದರು. ಮುಂದೆ ಅದು ಸುಮಾರು 2000 ಪತ್ರಿಕೆಗಳಿಗೆ ಹೋಯಿತು.

ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. 1995ರಲ್ಲಿ ಅವರು ಆ ಕೆಲಸ ಬಿಟ್ಟರು. ಆಫೀಸೇ ಇಲ್ಲದವನು ಆಫೀಸಿನ ಬಗ್ಗೆ ಎಷ್ಟು ದಿನ ಬರೆಯಬಹುದು? ನೆನಪಿನ ಚೀಲ ಬೇಗ ಖಾಲಿಯಾಗುತ್ತದೆ. ಅವರಿಗೆ ಹಾಗಾಗಲಿಲ್ಲ, ಯಾಕೆಂದರೆ ಎಲ್ಲೆಲ್ಲಿಯೋ ಕೆಲಸ ಮಾಡುವವರು ತಮ್ಮ ಮ್ಯಾನೇಜರ್ ಆವತ್ತು ಏನು ಹೇಳಿದ, ಹೊಸ ಸುತ್ತೋಲೆಯಲ್ಲಿ ಏನಿದೆ ಎಂದು ಬರೆದು ಕಳಿಸುತ್ತಲೇ ಇದ್ದರು. ನಮ್ಮವರೂ ಆ ಚಿತ್ರದಲ್ಲಿ ಬಂದರು: ಅಸೋಕ್ ಎಂಬ ಐಐಟಿ ಓದಿದ ಹುಡುಗ, ಎಷ್ಟು ಬುದ್ಧಿಯಿದ್ದರೂ ಅವನು ಅಲ್ಲಿ ಬರೀ ಟ್ರೈನಿ. ಬೆಂಗಳೂರಿನಿಂದ ಹೋದ ಎಷ್ಟೋ ಮಕ್ಕಳಿಗೆ ಅವನು ಪರಿಚಯದವನ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. 2023ರಲ್ಲಿ ಆಡಮ್ಸ್ ಕಪ್ಪು ಜನರ ಬಗ್ಗೆ ಆಡಿದ ಮಾತಿಗೆ ನೂರಾರು ಪತ್ರಿಕೆಗಳು ಚಿತ್ರವನ್ನು ಕೈಬಿಟ್ಟವು. ಪತ್ರಿಕೆಗಳು ಮಾಡಿದ್ದು ಸರಿ ಎನ್ನುವವನು ನಾನು. ಆದರೆ ಓದುಗರಿಂದ ವಿಷಯ ಪಡೆಯುವ ಆ ದಾರಿಯಲ್ಲಿ ತಪ್ಪಿಲ್ಲ.

ಒಂದು ಮಾತು ಮಾತ್ರ ನೆನಪಿಡಿ. ಓದುಗರಿಂದ ಜೋಕು ಕೇಳಬೇಡಿ, ದೂರು ಕೇಳಿ. ಜೋಕು ಕೇಳಿದರೆ ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಸುತ್ತಿ ಹಳಸಿದ್ದೇ ಬರುತ್ತದೆ. ಹೊಟ್ಟೆಯುರಿ ಹೇಳಿಕೊಳ್ಳುವಾಗ ಜನ ಸಣ್ಣ ವಿವರವನ್ನೂ ಬಿಡುವುದಿಲ್ಲ, ಚಿತ್ರಕಾರನಿಗೆ ಬೇಕಾದದ್ದು ಆ ವಿವರವೇ.

ನಾನು ಪೀಣ್ಯದ ಒಂದು ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿದ್ದೇನೆ. ಗೇಟಿನ ಹತ್ತಿರ ಹಾಜರಿಗೆ ಹೆಬ್ಬೆಟ್ಟು ಒತ್ತುವ ಮೆಷಿನ್ ಇದೆ. ಪ್ಯಾಕಿಂಗ್‌ನಲ್ಲಿ ಒಬ್ಬರು ಅಕ್ಕ ಇದ್ದಾರೆ, ವರ್ಷಗಟ್ಟಲೆ ರಟ್ಟು, ಟೇಪು ಉಜ್ಜಿ ಉಜ್ಜಿ ಬೆರಳಿನ ಗೆರೆಯೇ ಸವೆದುಹೋಗಿದೆ. ಬೆರಳಿಟ್ಟರೆ ಕೆಂಪು ದೀಪ. ಸೆರಗಿಗೆ ಒರೆಸುತ್ತಾರೆ, ಬಾಯಿಂದ ಊದುತ್ತಾರೆ, ತಲೆಯ ಎಣ್ಣೆಗೆ ಒಮ್ಮೆ ತಾಗಿಸಿ ಮತ್ತೆ ಇಡುತ್ತಾರೆ, ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಾರೆ, ಮತ್ತೆ ಕೆಂಪು. ಅಷ್ಟರಲ್ಲಿ ಲೇಟ್ ಆಗಿರುತ್ತದೆ, ಮೆಷಿನ್ ಲೆಕ್ಕದಲ್ಲಿ ಅರ್ಧ ದಿನ ಗೈರು. ಆ ಲೆಕ್ಕ ಸಂಬಳದ ಶೀಟಿನಲ್ಲಿ ನನ್ನ ಕಣ್ಣಿಗೇ ಬೀಳುತ್ತದೆ. ಮೇಲಿನ ಮಹಡಿಯವರು ಬೆರಳಿಟ್ಟರೆ ಒಂದೇ ಸಲಕ್ಕೆ ಹಸಿರು. ದುಡಿದು ದುಡಿದು ಬೆರಳು ಸವೆದವರೇ ಬಂದಿಲ್ಲ ಎನ್ನುತ್ತದೆ ಮೆಷಿನ್. ಇದನ್ನು ಯಾವ ಚಿತ್ರಕಾರನೂ ಸುಮ್ನೆ ಕೂತು ಊಹಿಸಲಾರ, ಆ ಕ್ಯೂನಲ್ಲಿ ನಿಂತವರು ಹೇಳಬೇಕು.

ಹೇಳಿದ್ದನ್ನೆಲ್ಲ ಬರೆಯಬೇಕಿಲ್ಲ. ದಾವಣಗೆರೆಯ ಶಾಲೆಯಿಂದ, ಹುಬ್ಬಳ್ಳಿಯ ಡಿಪೋದಿಂದ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಿಂದ ಒಂದೇ ಗೋಳು ಬಂದರೆ ಅದನ್ನು ಎತ್ತಿಕೊಳ್ಳಲಿ, ಯಾಕೆಂದರೆ ಅದು ಯಾರೋ ಒಬ್ಬ ಮ್ಯಾನೇಜರ್‌ನ ಸಿಡುಕಲ್ಲ, ಎಲ್ಲ ಕಡೆ ಇರುವ ರೂಢಿ. ಕಳಿಸಿದವರ ಹೆಸರು, ಕಂಪನಿ, ಊರು ಯಾವುದೂ ಗುರುತು ಸಿಗಬಾರದು. ಅವರ ನೌಕರಿಯ ಪ್ರಶ್ನೆ. ಮತ್ತೆ ದಯವಿಟ್ಟು ಟೀ ತರುವ ಹುಡುಗ, ಜವಾನ, ಸೆಕ್ಯುರಿಟಿಯವರ ಮೇಲೆ ನಗುವುದು ಬೇಡ. ನಿಯಮ ಮಾಡಿದವರ ಮೇಲೆ, ಆ ನಿಯಮದ ಮೇಲೆ ನಗೋಣ.

ನಗೆ ಕನ್ನಡಕ್ಕೆ ಹೊಸದೇನಲ್ಲ. ಡಾಕ್ಟರ್ ಆಗಿದ್ದ ರಾಶಿಯವರು 1942ರಲ್ಲೇ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಶುರು ಮಾಡಿದರು, ಮೈಸೂರಿನ ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಈಗಲೂ ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಒಳ್ಳೆಯ ಕೈಗಳಿಗೆ ಬರ ಇಲ್ಲ. ಅವರಲ್ಲಿ ಒಬ್ಬರಿಗೆ ಸರಿಯಾದ ಸಂಭಾವನೆ ಕೊಟ್ಟು ಈ ಕೆಲಸ ಒಪ್ಪಿಸಿ.

ವಾರಕ್ಕೆ ಒಂದೇ ಬಂದರೂ ಸಾಕು. ಭಾನುವಾರದ ಪುರವಣಿಯಲ್ಲಿ ಬೇಡ, ಸೋಮವಾರ ಬೆಳಿಗ್ಗೆ ಹಾಕಿ, ಬಸ್ಸಿನಲ್ಲಿ ಓದಿಕೊಂಡು ಹೋಗುತ್ತೇವೆ. ಇಮೇಲ್ ಜೊತೆಗೆ ಒಂದು ವಾಟ್ಸ್ಆ್ಯಪ್ ನಂಬರೂ ಕೊಡಿ, ವಾಯ್ಸ್ ಮೆಸೇಜ್ ಆದರೂ ನಡೆಯುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಇಲ್ಲದಿದ್ದರೆ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವರ ಮಾತಷ್ಟೇ ಬರುತ್ತದೆ, ಹೌಸ್‌ಕೀಪಿಂಗ್‌ನವರದು, ಡ್ರೈವರ್‌ಗಳದು, ಗಾರ್ಮೆಂಟ್ಸ್‌ನವರದು ಬರುವುದಿಲ್ಲ.

— ಒಬ್ಬ ಓದುಗ, ಪೀಣ್ಯ, ಬೆಂಗಳೂರು